ಗಿರಣಿಗೊಂದು ಹಸಿರು ಬಟನ್

ಉದಯಕುಮಾರನ ಫಜೀತಿ ಶುರುವಾದದ್ದು ಒಂದು ಡಬ್ಬಿ ಜೋಳದಿಂದ.

ಮರುದಿನ ಅಮವಾಸ್ಯೆ. ಮಳಗಿ ಊರಿನ ನಾಗಲಿಂಗಪ್ಪ ಅಮವಾಸ್ಯೆ ಬಂತೆಂದರೆ ಹಿಟ್ಟಿನ ಗಿರಣಿಗೆ ಪೂಜೆ ಮಾಡಿ ಬಾಗಿಲು ಹಾಕಿಬಿಡುತ್ತಿದ್ದ. ಉದಯಕುಮಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು, "ಗಿರಣಿಗೆ ಹೊಂಟೇನಿ ಅವ್ವಾ, ಇವತ್ತಿಂದ ಆ ಗಿರಣಿ ಬ್ಯಾರೇನ ಆಗತೈತಿ" ಎಂದು ಹೇಳಿದಾಗ, ತಾಯಿ ಶಾಂತಾದೇವಿ ಜೋಳ ತುಂಬಿದ ಸ್ಟೀಲಿನ ಡಬ್ಬಿಯನ್ನು ಅವನ ಕೈಗೆ ಕೊಟ್ಟಳು.

"ಹೆಂಗೂ ಹೊಂಟೀಯಲ್ಲ, ಇದನ್ನ ಬೀಸಿಕೊಂಡ ಬಾ. ರಾತ್ರಿ ರೊಟ್ಟಿಗೆ ಒಂದ ಮುಟಿಗಿ ಹಿಟ್ಟೂ ಇಲ್ಲ ಮನ್ಯಾಗ."

ನಿನ್ನೆಯವರೆಗೂ ಅವನು ಮುಂಡಗೋಡಿನಲ್ಲಿ ಸಿದ್ದಲಿಂಗನ ಫ್ಲೆಕ್ಸ್ ಅಂಗಡಿಯ ಡಿಸೈನರ್. ಹುಟ್ಟುಹಬ್ಬ, ಮದುವೆ, ಅಭಿನಂದನೆ, ಯಾವುದೇ ಬ್ಯಾನರ್ ಇರಲಿ, ಅದರಲ್ಲಿ ಹದಿನೇಳು ಮುಖಗಳನ್ನು ಹೊಂದಿಸುವುದು ಅವನ ಕೆಲಸವಾಗಿತ್ತು. ಆರು ತಿಂಗಳ ಹಿಂದೆ ಅವನು ಮೊಬೈಲ್ ಆ್ಯಪ್ ಡಿಸೈನಿನ ಆನ್‌ಲೈನ್ ಕೋರ್ಸಿಗೆ ಸೇರಿದ್ದೇ ತಪ್ಪಾಯಿತು. ಒಂದು ಪುಟಕ್ಕೆ ಒಂದೇ ಕೆಲಸ, ಮಾತು ಕಡಿಮೆ, ಜಾಗ ಖಾಲಿ, ಬಟನ್ ಹೆಬ್ಬೆರಳಿಗೆ ಸಿಗುವಂತಿರಬೇಕು ಎಂದು ಕಲಿತ ಮೇಲೆ ಆ ಹದಿನೇಳು ಮುಖಗಳನ್ನು ಕಂಡರೆ ಅವನಿಗೆ ತಲೆನೋವು ಬರತೊಡಗಿತು.

ಹುಬ್ಬಳ್ಳಿಯ ಒಂದು ಕಂಪನಿ ಅವನಿಗೆ ಕೆಲಸ ಕೊಡಲು ಒಪ್ಪಿತ್ತು. ಮನೆಯಲ್ಲೇ ಕೂತು ಆ್ಯಪ್ ಡಿಸೈನ್ ಮಾಡುವ ಕೆಲಸ. ಷರತ್ತು ಒಂದೇ: ಅವನೇ ಮಾಡಿದ ಒಂದು ಆ್ಯಪನ್ನು ಇವತ್ತು ಸಂಜೆ ಆರರೊಳಗೆ ಅವನ ಊರಿನ ಇಪ್ಪತ್ತೈದು ಜನ ಬಳಸಿರಬೇಕು. ಉದಯಕುಮಾರನಿಗೆ ಎಷ್ಟು ಧೈರ್ಯವೆಂದರೆ ಅವನು ನಿನ್ನೆಯೇ ಸಿದ್ದಲಿಂಗನಿಗೆ ಕೈಮುಗಿದು ಕೆಲಸ ಬಿಟ್ಟಿದ್ದ. ಹೋಗುವಾಗ ಸುಮ್ಮನೆ ಹೋಗದೆ, "ಬ್ಯಾನರಿನ್ಯಾಗ ಸ್ವಲ್ಪ ಖಾಲಿ ಜಾಗಾ ಬಿಡ್ರಿ, ಕಣ್ಣಿಗೆ ತಂಪ" ಎಂದು ಬುದ್ಧಿಯನ್ನೂ ಹೇಳಿದ್ದ.

"ಖಾಲಿ ಜಾಗಾಕ್ಕ ಯಾರೂ ರೊಕ್ಕಾ ಕೊಡೂದಿಲ್ಲೋ ತಮ್ಮಾ" ಎಂದಿದ್ದ ಸಿದ್ದಲಿಂಗ.

ಗಿರಣಿಯ ಮುಂದೆ ಆಗಲೇ ಡಬ್ಬಿಗಳ ಉದ್ದ ಸಾಲು ನಿಂತಿತ್ತು. ಮಳಗಿಯ ಗಿರಣಿಯಲ್ಲಿ ಮನುಷ್ಯರು ಸಾಲಿನಲ್ಲಿ ನಿಲ್ಲುವುದಿಲ್ಲ, ಅವರ ಡಬ್ಬಿಗಳು ನಿಲ್ಲುತ್ತವೆ. ಡಬ್ಬಿ, ಚೀಲ, ಮುಚ್ಚಳವಿಲ್ಲದ ಬಕೆಟ್ಟು, ಒಂದರ ಹಿಂದೊಂದು. ಅವುಗಳ ಒಡತಿಯರು ಕಟ್ಟೆಯ ಮೇಲೆ ಕೂತು ಊರಿನ ಸುದ್ದಿಯನ್ನು ನುಣ್ಣಗೆ ಬೀಸುತ್ತಿರುತ್ತಾರೆ. ಇದನ್ನು ನೋಡಿಯೇ ಉದಯಕುಮಾರ ತನ್ನ ಆ್ಯಪಿಗೆ 'ಪಾಳಿ' ಎಂದು ಹೆಸರಿಟ್ಟಿದ್ದ. ಅವನು ತಾಯಿಯ ಡಬ್ಬಿಯನ್ನು ಸಾಲಿನ ಕೊನೆಯಲ್ಲಿಟ್ಟು, ಕಟ್ಟೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"ನೀವು ಇಲ್ಲಿ ಬಂದು ಕಾಯೂದು ಬ್ಯಾಡ್ರಿ. ಮನ್ಯಾಗ ಕುಂತು ಮೊಬೈಲಿನ್ಯಾಗ ನಂಬರ್ ತಗೊಳ್ರಿ. ನಿಮ್ಮ ಪಾಳಿ ಬಂದಾಗ ಬಂದರಾತು."

"ಮನ್ಯಾಗ ಕುಂತು ಏನ ಮಾಡೂದೋ?" ಎಂದಳು ಮುದುಕಿ ಶಂಕ್ರವ್ವ. "ಸೊಸೀ ಮಾರಿ ನೋಡಬೇಕೇನು?"

ಕಟ್ಟೆಯ ಇನ್ನೊಂದು ತುದಿಯಲ್ಲಿದ್ದ ಸೊಸೆಯೂ ಹೌದೆಂಬಂತೆ ತಲೆಯಾಡಿಸಿದಳು. ಅತ್ತೆ ಸೊಸೆ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲಂತೆ.

ಕೋರ್ಸಿನಲ್ಲಿ ಇದಕ್ಕೂ ಪಾಠವಿತ್ತು. ಬಳಸುವವರು ಹೇಳಿದ್ದನ್ನು ಕೇಳಬೇಕು, ವಾದ ಮಾಡಬಾರದು. ಉದಯಕುಮಾರ ವಾದ ಮಾಡದೆ, ಪಕ್ಕದ ಪಾಳಾ ಊರಿನಿಂದ ಬಂದಿದ್ದ ಗೋದುಬಾಯಿಯ ಮೊಬೈಲ್ ತೆಗೆದುಕೊಂಡು ಆ್ಯಪ್ ಹಾಕಿದ. ಆ್ಯಪ್ ನಂಬರ್ ಕೇಳಿತು, ಗೋದುಬಾಯಿ ತನಗೆ ಬಾಯಿಪಾಠವಿದ್ದ ನಂಬರನ್ನೇ ಹೇಳಿದಳು. ಅದು ಅವಳ ಗಂಡ ರೂಪ್ಲಪ್ಪನದು. ಓಟಿಪಿ ಹೊಲದಲ್ಲಿದ್ದ ರೂಪ್ಲಪ್ಪನಿಗೆ ಹೋಯಿತು. ಗೋದುಬಾಯಿ ಫೋನ್ ಮಾಡಿ ಅದನ್ನು ಕೇಳಿದಳು; ಎರಡೇ ನಿಮಿಷದಲ್ಲಿ ರೂಪ್ಲಪ್ಪನ ಫೋನ್ ತಿರುಗಿ ಬಂತು.

"ಯಾವನಂವ ನನ್ನ ಹೇಂತಿ ಕಡೆ ಓಟಿಪಿ ಕೇಳಾಂವ? ಅಲ್ಲೇ ನಿಂದ್ರ, ಬರಾಕತ್ತೇನಿ."

ರೂಪ್ಲಪ್ಪ ಬೈಕಿನಲ್ಲಿ ಬಂದೂ ಬಂದ. ಇಪ್ಪತ್ತು ನಿಮಿಷ ಅವನನ್ನು ಸಮಾಧಾನ ಮಾಡುವುದರಲ್ಲೇ ಹೋಯಿತು. ಅವನು ತಿರುಗಿ ಹೋದ ಕೂಡಲೇ ಉದಯಕುಮಾರ ಲ್ಯಾಪ್‌ಟಾಪ್ ತೆರೆದು, ಹೆಸರು ನಂಬರು ಕೇಳುವ ಪುಟವನ್ನೇ ಕಿತ್ತುಹಾಕಿದ. ಸುಲಭವಾಗಲಿ ಎಂದು ತನಗೆ ತಾನೇ ಹೇಳಿಕೊಂಡ.

ಆಮೇಲೆ ಏನು ಬೀಸಬೇಕೆಂದು ಆರಿಸುವ ಪುಟದ ಚಿತ್ರಗಳ ಸರದಿ. ಜೋಳ, ಗೋಧಿ, ಅಕ್ಕಿ, ಜೊತೆಗೆ ಚಂದ ಕಾಣಲಿ ಎಂದು ಅವನು ಒಂದು ಕೆಂಪು ಮೆಣಸಿನಕಾಯಿಯನ್ನೂ ಇಟ್ಟಿದ್ದ. ಶಂಕ್ರವ್ವ ಕನ್ನಡಕ ಏರಿಸಿ ನೋಡಿ ಎದ್ದೇ ನಿಂತಳು.

"ನಾಗಲಿಂಗಪ್ಪಾ, ಜ್ವಾಳದ ಮಷಿನ್ಯಾಗ ಖಾರಾನೂ ಬೀಸ್ತೀ ಏನು? ಅದಕ್ಕ ಹೋದ ವಾರ ನನ್ನ ರೊಟ್ಟಿ ಘಾಟ ಹೊಡೀತು."

ಐದು ಹೆಂಗಸರು ಒಮ್ಮೆಗೇ ತಮ್ಮ ಡಬ್ಬಿಗಳನ್ನು ಎತ್ತಿಕೊಂಡರು. ನಾಗಲಿಂಗಪ್ಪ ಹುಬ್ಬು ಮೀಸೆಯೆಲ್ಲ ಹಿಟ್ಟು ಮಾಡಿಕೊಂಡು ಹೊರಗೆ ಓಡಿ ಬಂದ. ಖಾರದ ಮಷಿನ್ ಬೇರೆ ಖೋಲಿಯಲ್ಲಿದೆ ಎಂದು ಬಾಗಿಲು ತೆಗೆದು ತೋರಿಸಿದ ಮೇಲೆಯೇ ಡಬ್ಬಿಗಳು ಮತ್ತೆ ಸಾಲಿಗೆ ಬಂದವು. ಅವನು ಉದಯಕುಮಾರನನ್ನು ನೋಡಿದ ನೋಟ ಮಾತ್ರ ಮೆಣಸಿನಕಾಯಿಗಿಂತ ಖಾರವಾಗಿತ್ತು. ಚಿತ್ರಗಳೂ ಹೋದವು.

ಉಳಿದದ್ದು 'ಇದು ಖಚಿತವೇ?' ಎಂದು ಕೇಳುವ ಪುಟ. ನಾಗಲಿಂಗಪ್ಪನ ಹೆಂಡತಿ ನೀಲಕ್ಕ ಅದನ್ನು ಓದಿಸಿಕೊಂಡು ಮುಖ ಸಿಂಡರಿಸಿದಳು. ಗಿರಣಿಯಲ್ಲಿ ಯಾರ ಪಾಳಿ ಯಾವುದೆಂದು ನೆನಪಿಡುವವಳು ಅವಳೇ, ಹಾಗಾಗಿ ಅವಳ ಮಾತಿಗೆ ಅಲ್ಲಿ ಎದುರಿಲ್ಲ.

"ಒಮ್ಮೆ ಹೇಳಿದಮ್ಯಾಲೆ ಮತ್ಯಾಕ ಕೇಳತೈತಿ? ನಾವೇನ ಸುಳ್ಳ ಹೇಳತೇವನು?"

ಅದೂ ಹೋಯಿತು. ಮಧ್ಯಾಹ್ನ ಒಂದು ಗಂಟೆಗೆ ಆರು ತಿಂಗಳ ಅವನ ವಿದ್ಯೆಯಲ್ಲಿ ಉಳಿದದ್ದು ಬಿಳಿ ಪರದೆಯ ನಡುವೆ ಒಂದು ಹಸಿರು ಬಟನ್. ಒತ್ತಿದರೆ 'ಟಿಣ್' ಎನ್ನುತ್ತದೆ, ಒಂದು ನಂಬರ್ ಬರುತ್ತದೆ. ಅಷ್ಟೇ. ಅವನು ತೋರಿಸಲೆಂದು ತಂದಿದ್ದ ಹಳೆಯ ಫೋನಿನಲ್ಲಿ ನೀಲಕ್ಕ ಸುಮ್ಮನೆ ಒಮ್ಮೆ ಒತ್ತಿ ನೋಡಿದಳು.

"ಇದು ಚಲೋ ಐತಿ. ಇದನ್ನ ಮುಂಜಾನೇನ ಮಾಡಬಾರದಾಗಿತ್ತೇನೋ?"

ಉದಯಕುಮಾರನ ಕಣ್ಣು ತುಂಬಿ ಬಂತು. ಆ ಉತ್ಸಾಹದಲ್ಲಿ ಅವನು ಎಲ್ಲ ಲೆಕ್ಕ ಅಳಿಸಿ ಹೊಸದಾಗಿ ಶುರುಮಾಡಿ, ಮೊದಲ ನಂಬರನ್ನು ತಾನೇ ತೆಗೆದುಕೊಂಡ. ಇನ್ನು ಮೇಲೆ ಸಾಲಿನ ಹಂಗಿಲ್ಲ ಎಂದು ತೋರಿಸಲು ತನ್ನ ಡಬ್ಬಿಯನ್ನು ಸಾಲಿನಿಂದ ಎತ್ತಿ, ಜರಡಿಗಳನ್ನಿಡುವ ಮೂಲೆಯಲ್ಲಿಟ್ಟ.

"ನೀ ಇಲ್ಲಿ ನಿಂತರ ಹೆಣ್ಣಮಕ್ಕಳು ಒತ್ತಾಕ ನಾಚಕೋತಾರ" ಎಂದಳು ನೀಲಕ್ಕ. "ಫೋನ್ ಇಟ್ಟು ಹೋಗು. ಎಲ್ಲಾರ ಕಡಿಂದ ಒತ್ತಸೂದು ನನ್ನ ಜವಾಬ್ದಾರಿ."

"ಇದು ಬರೇ ತೋರಸಾಕ ನೀಲಕ್ಕಾ. ಉಳದವರು ಈ ಕ್ಯೂಆರ್ ಚೀಟಿ ಸ್ಕ್ಯಾನ್ ಮಾಡಿ, ತಮ್ಮ ತಮ್ಮ ಫೋನಿನ್ಯಾಗ ಆ್ಯಪ್ ಹಾಕ್ಕೋಬೇಕು."

"ಆತ್ ಆತು, ಗೊತ್ತಾತು."

ಅವನು ತನ್ನ ಹಳೆಯ ಫೋನನ್ನೂ ಚೀಟಿಯನ್ನೂ ಅವಳ ಕೈಗೆ ಕೊಟ್ಟು, ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ. ಅಲ್ಲೂ ಅವನು ಕೋರ್ಸಿನ ಮಾತು ಮೀರಿರಲಿಲ್ಲ: ಲೆಕ್ಕದ ಪುಟದಲ್ಲಿ ಒಂದೇ ಅಂಕಿ, ದೊಡ್ಡದಾಗಿ, ಸುತ್ತಲೂ ಖಾಲಿ ಜಾಗ. ಅಂಕಿ ಏಳಾಯಿತು. ಹನ್ನೆರಡಾಯಿತು. ಮೂರು ಗಂಟೆಗೆ ಹತ್ತೊಂಬತ್ತು. ನಾಲ್ಕಕ್ಕೆ ಇಪ್ಪತ್ತಾರು ಆದಾಗ ಅವನು ಅಂಗಡಿಯಲ್ಲಿದ್ದವರಿಗೆಲ್ಲ ಮಿರ್ಚಿ ಭಜಿ ಹೇಳಿದ. ಗುರುತಿಲ್ಲದ ಒಬ್ಬ ಕಂಡಕ್ಟರನಿಗೆ ಬಟನ್ ಹೆಬ್ಬೆರಳಿಗೆ ಯಾಕೆ ಸಿಗಬೇಕು ಎಂದು ವಿವರಿಸಿದ. ಕಂಡಕ್ಟರ್ ಭಜಿ ಮುಗಿಯುವ ತನಕ ಕೇಳಿದ.

ಐದೂವರೆಗೆ ನಲವತ್ಮೂರು. ಉದಯಕುಮಾರ ತಾಯಿಗೆ ಫೋನ್ ಮಾಡಿ, "ಅವ್ವಾ, ಕೆಲಸ ಆತು" ಎಂದ.

"ಬೀಸಿ ಆತೇನು?" ಎಂದಳು ಶಾಂತಾದೇವಿ.

ಅವನು ನಗುತ್ತಲೇ ಗಿರಣಿಗೆ ಹೋದ. ಕಟ್ಟೆ ಖಾಲಿಯಾಗಿತ್ತು, ಬೀಸುವ ಕಲ್ಲು ನಿಂತಿತ್ತು, ನಾಗಲಿಂಗಪ್ಪ ಪೂಜೆಗೆಂದು ಗಿರಣಿ ಗುಡಿಸುತ್ತಿದ್ದ. ಬಾಗಿಲ ಕಂಬಕ್ಕೆ, ಅಂಚೆ ಕಚೇರಿಯ ಪೆನ್ನಿನ ಹಾಗೆ, ಚೀಲ ಹೊಲಿಯುವ ದಾರದಲ್ಲಿ ಅವನ ಹಳೆಯ ಫೋನ್ ಕಟ್ಟಿತ್ತು. ಅದರ ಮೇಲಿನ ಹಿಟ್ಟಿನಲ್ಲಿ ಒಂದರ ಮೇಲೊಂದು ಹೆಬ್ಬೆರಳ ಗುರುತು. ಚೀಟಿ ನಾಲ್ಕು ಮಡಿಕೆಯಾಗಿ ನೀಲಕ್ಕನ ಸ್ಟೂಲಿನ ಗಿಡ್ಡ ಕಾಲಿನ ಕೆಳಗಿತ್ತು.

"ಒಬ್ಬಾಕೀನೂ ಬಿಡಲಿಲ್ಲ ನೋಡು" ಎಂದಳು ನೀಲಕ್ಕ ಹೆಮ್ಮೆಯಿಂದ. "ಗುಡಿಯಾಗ ಗಂಟಿ ಹೊಡದಂಗ ಒತ್ತೂದು, ಡಬ್ಬಿ ಸಾಲಿಗಿಡೂದು. ಶಂಕ್ರವ್ವ ಎರಡ ಸರತೆ ಒತ್ತಿದಳು."

ಆಗಲೇ ಉದಯಕುಮಾರನ ಕಿಸೆಯಲ್ಲಿದ್ದ ಇನ್ನೊಂದು ಫೋನ್ ರಿಂಗಾಯಿತು. ಹುಬ್ಬಳ್ಳಿಯ ಕಂಪನಿಯ ಮೇಡಂ.

"ನಲವತ್ಮೂರ ಸಲ ಒತ್ಯಾರ, ಖರೆ. ಆದ್ರ ಎಲ್ಲಾ ಒಂದ ಫೋನಿನಿಂದ. ಅದೂ ನಿಮ್ಮದ. ದಿನಾ ಪೂರ್ತಿ ನಿಮ್ಮ ಆ್ಯಪ್ ನೀವ ಒತ್ಕೋತ ಕುಂತಿದ್ರೇನ್ರಿ?"

"ಇಲ್ರಿ ಮೇಡಂ, ಬ್ಯಾರೆ ಬ್ಯಾರೆ ಜನಾನ ಒತ್ಯಾರ್ರಿ."

"ಹೆಸರು ನಂಬರ್ ಕೇಳೂ ಪುಟಾ ಇಟ್ಟಿದ್ರ ಗೊತ್ತಾಗತಿತ್ತಲ್ರಿ."

"ಜನರಿಗೆ ಸುಲಭ ಆಗಲಿ ಅಂತ ತಗದೇನ್ರಿ."

"ಭಾಳ ಸುಲಭ ಆಗೇತ್ರಿ" ಎಂದು ಮೇಡಂ ಮರ್ಯಾದೆಯಿಂದಲೇ ಫೋನ್ ಇಟ್ಟಳು.

ಅವನಿಗೆ ಅತ್ತುಬಿಡಬೇಕೆನ್ನಿಸಿತು. ಹಿಟ್ಟಾದರೂ ಮನೆಗೆ ಒಯ್ಯೋಣವೆಂದು ಮೂಲೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಬೆಳಿಗ್ಗೆ ತಂದ ಜೋಳ ಹಾಗೆಯೇ ಇತ್ತು.

"ನಾಗಲಿಂಗಪ್ಪಣ್ಣಾ, ನಂದು ಒಂದನೇ ನಂಬರ್ ಇತ್ತಲ್ಲಾ."

"ನಂಬರ್ ಇತ್ತೋ ತಮ್ಮಾ. ಡಬ್ಬಿ ಸಾಲಿನ್ಯಾಗ ಇರಲಿಲ್ಲ." ನಾಗಲಿಂಗಪ್ಪ ಕಸಬರಿಗೆ ಮೂಲೆಗಿಟ್ಟ. "ಇನ್ನ ನಾಡಿದ್ದ ಬಾ. ಆ ಫೋನ್ ಮಾತ್ರ ಬಿಚ್ಚಬ್ಯಾಡ, ಹೆಣ್ಣಮಕ್ಕಳಿಗೆ ರೂಢಿ ಆಗೇತಿ."

ಹಳೆಯ ಫೋನಿಲ್ಲದೆ, ಹಿಟ್ಟಿಲ್ಲದೆ, ಕೆಲಸವಿಲ್ಲದೆ ಉದಯಕುಮಾರ ಡಬ್ಬಿಯನ್ನು ಹೆಗಲಿಗೇರಿಸಿದ. ಅರ್ಧ ದಾರಿಗೆ ಬಂದಾಗ ಸಿದ್ದಲಿಂಗನ ಫೋನ್ ಬಂತು.

"ಉದಯಾ, ನಾಳೆ ಲಗೂನ ಬಾ. ನಿಮ್ಮೂರಿಂದನ ಆರ್ಡರ್ ಬಂದೈತಿ, ಗಿರಣಿ ನಾಗಲಿಂಗಪ್ಪಂದು. 'ಇಲ್ಲಿ ಮೊಬೈಲ್ ಒತ್ತಿ ಡಬ್ಬಿ ಇಡಿ' ಅಂತ ದೊಡ್ಡ ಫ್ಲೆಕ್ಸ್ ಬೇಕಂತ."

ಉದಯಕುಮಾರ ಡಬ್ಬಿಯನ್ನು ಹೆಗಲಿನಿಂದ ಕೆಳಗಿಳಿಸಿದ. ಆಮೇಲೆ ಕೊನೆಯ ಆಸೆಯಿಂದ, "ನಡುವ ಒಂದ ಹಸಿರು ಬಟನ್, ಸುತ್ತ ಬಿಳಿ ಜಾಗಾ. ಅಷ್ಟ ಸಾಕಲ್ರಿ?" ಎಂದ.

"ಬಿಳಿ ಜಾಗಾ ಎಲ್ಲಿಂದ ತರತೀಯೋ. ಅವರ ಮನೀ ಮಂದೀದು ಹದಿನಾರು ಫೋಟೋ ಕಳಿಸ್ಯಾರ" ಎಂದ ಸಿದ್ದಲಿಂಗ. "ನೀಲಕ್ಕ ಭಾಳ ಒಳ್ಳೆ ಹೆಣ್ಣಮಗಳು. ಕೆಳಗ ಮೂಲ್ಯಾಗ ಸಣ್ಣದಾಗಿ ನಿಂದೂ ಒಂದು ಫೋಟೋ ಹಾಕಂದಾಳ."