ಇಲಿರಾಯನ ಆಯುಸ್ಸು

ಕಥೆ ಹೇಳುವುದು ಅಪಾಯದ ಕೆಲಸ ಅಂತ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ತಿಂಗಳಿಗೊಂದಾದರೂ ಫಜೀತಿ ಅದರಿಂದಲೇ ಆಗುತ್ತಿರುತ್ತದೆ. ಸೇಲಂನಲ್ಲಿ ಮಗ್ಗದ ಮೇಲೆ ರೇಷ್ಮೆ ಪಂಚೆ ನೇಯುವವನು ನಾನು. ಆರು ವರ್ಷದಿಂದ ದಿನಾ ಸಂಜೆ ಮೊಮ್ಮಗಳಿಗೆ ಒಂದೇ ಕಥೆಯನ್ನು ಎಳೆದುಕೊಂಡು ಬಂದಿದ್ದೇನೆ. ಶಂಕಗಿರಿ ಕೋಟೆಯ ರಾಜನಿಗೆ ಮಂತ್ರಿಯಾದ ಇಲಿರಾಯನ ಕಥೆ. ಶಾಲೆಯಲ್ಲೂ ಬೀದಿಯಲ್ಲೂ ಹುಡುಗಿಯದು ತಮಿಳೇ, ಅಪ್ಪ ಅಮ್ಮನ ಜೊತೆಗೂ ತಮಿಳೇ. ಕನ್ನಡ ಅವಳ ಬಾಯಿಗೆ ಬರುವುದು ಇಲಿರಾಯನ ಹೊತ್ತಿನಲ್ಲಿ ಮಾತ್ರ. ಅವನು ಹೋದರೆ ನಮ್ಮಿಬ್ಬರ ಕನ್ನಡವೂ ಹೋಯಿತು. ಹಾಗಾಗಿ ಆ ಇಲಿಯ ಆರೋಗ್ಯ ನನಗೆ ನನ್ನ ಆರೋಗ್ಯಕ್ಕಿಂತ ಮುಖ್ಯ.

ಅರಮನೆ ತುಪ್ಪ

ಮೊಮ್ಮಗಳು ಐದನೇ ಕ್ಲಾಸಿಗೆ ಹೋದಳು, ಜೊತೆಗೆ ವಿಜ್ಞಾನವೂ ಮನೆಗೆ ಬಂತು. ಒಂದು ಸಂಜೆ ಬ್ಯಾಗು ಇಳಿಸುವ ಮೊದಲೇ ಶುರುಮಾಡಿದಳು.

"ತಾತ, ಇಲಿ ಎರಡೇ ವರ್ಸ ಬದ್ಕೋದಂತೆ. ಮಿಸ್ಸೇ ಸೊನ್ನಾಂಗ, ಅಂದ್ರು. ಇಲಿರಾಯ ಆರು ವರ್ಸದಿಂದ ಎಂಗೆ ಅವ್ನೆ?"

ನನಗೆ ರೇಗಿತು. ಆರು ವರ್ಷ ನನ್ನನ್ನು ನಂಬಿದವಳು ಒಂದೇ ಪೀರಿಯಡ್‌ನಲ್ಲಿ ಮಿಸ್ ಪಾರ್ಟಿ ಸೇರಿದ್ದಳು.

"ಅದು ಬೀದಿ ಇಲಿ ಮಾತು ಕಣಮ್ಮ. ನಮ್ದು ಅರಮನೆ ಇಲಿ. ದಿನಾ ಒಂದು ಬಟ್ಟಲು ತುಪ್ಪ ಕುಡೀತಾನೆ."

"ದಿನಾನಾ? ಅಂಗಾದ್ರೆ ಕೊಲೆಸ್ಟ್ರಾಲ್ ತಾತ. ಎರಡು ವರ್ಸಾನೂ ಡೌಟು."

ನೂರು ವರ್ಷದ ಅಕ್ಕಿ

ಇಲಿಯ ವಿಷಯ ಮರೆಸಬೇಕಲ್ಲ, ಕಥೆಯೊಳಗೆ ಒಂದು ಮುದಿ ಹಕ್ಕಿಯನ್ನು ತಂದೆ. ನಮ್ಮ ಕಡೆಯ ನಾಲಗೆಗೆ 'ಹ' ಹತ್ತುವುದಿಲ್ಲ. ಕಿರಿಮಗನನ್ನು ಮದುವೆಯಾಗಿ ಮೈಸೂರಿಂದ ಬಂದ ಸೊಸೆಗೆ ಅದಿನ್ನೂ ಗೊತ್ತಿರಲಿಲ್ಲ. ಅವಳು ಬಂದು ಒಂದು ವಾರವಷ್ಟೇ ಆಗಿತ್ತು.

"ಕೋಟೆ ಮ್ಯಾಲೆ ನೂರು ವರ್ಸದ ಅಕ್ಕಿ ಒಂದೈತೆ. ಇನ್ನೂ ಗಟ್ಟಿಮುಟ್ಟಾಗೈತೆ" ಅಂತ ನಾನು ಹೇಳುವುದು ಅವಳ ಕಿವಿಗೆ ಬಿತ್ತು. ಮೆಲ್ಲಗೆ ನನ್ನ ಹೆಂಡತಿಯ ಹತ್ತಿರ ಹೋಗಿ, "ಅತ್ತೆ, ಹಳೇ ಅಕ್ಕಿ ಒಳ್ಳೇದೇ. ಆದ್ರೆ ನೂರು ವರ್ಷದ್ದು ಹುಳ ಹಿಡಿದಿರಲ್ವಾ?" ಅಂದಳು.

"ಅಯ್ಯೋ, ಅದು ತಿನ್ನೋ ಅಕ್ಕಿ ಅಲ್ಲ ಕಣವ್ವ, ಆರೋ ಅಕ್ಕಿ!"

ಹಾರುವ ಹಕ್ಕಿ ಅಂತ ಇವಳ ಅರ್ಥ. ಬಿಸಿಲಲ್ಲಿ ಆರಬೇಕಾದ ಅಕ್ಕಿ ಅಂತ ಅವಳ ಅರ್ಥ. ಪಾಪ, ಒಳ್ಳೆಯ ಹುಡುಗಿ. ಮಾರನೇ ದಿನ ಬೆಳಗ್ಗೆ ಡಬ್ಬದ ಅಕ್ಕಿಯನ್ನೆಲ್ಲ ತಾರಸಿ ಮೇಲೆ ಹರಡಿ ಬಂದಿದ್ದಳು. ಮಧ್ಯಾಹ್ನ ಮೇಲೆ ಹತ್ತಿದ ನನ್ನ ಹೆಂಡತಿ ಕೂಗಿಕೊಂಡಳು: "ಓಡಿ ಬಾರವ್ವ, ಅಕ್ಕೀನೆಲ್ಲಾ ಅಕ್ಕಿ ತಿಂತಾ ಐತೆ!"

ಸೊಸೆ ಮೆಟ್ಟಿಲ ಮೇಲೇ ಕೂತುಬಿಟ್ಟಳು.

ಗಿರಾಕಿ ಬಂದ

ಹಕ್ಕಿಗೂ ಮೊಮ್ಮಗಳು ಜಗ್ಗಲಿಲ್ಲ. "ಮೊದ್ಲು ಇಲಿ ಆನ್ಸರ್ ಕೊಡು" ಅಂದು ಟೀವಿ ಮುಂದೆ ಕೂತಳು. ನಾಲ್ಕು ಸಂಜೆ ನನ್ನ ಹತ್ತಿರ ಬರಲೇ ಇಲ್ಲ. ನಿಜ ಹೇಳಬೇಕೆಂದರೆ ನನಗೆ ತುಂಬಾ ಸಂಕಟವಾಯಿತು. ಆ ವಾರ ಕಡಯಂಪಟ್ಟಿಯ ನೆಂಟರ ಮನೆಗೆ ಹೋದವನು ಅಲ್ಲಿನ ಗೊಬ್ಬರದ ಅಂಗಡಿ ಹೊಕ್ಕೆ. ಇಲಿ ಪಾಷಾಣ ಮಾರುವವನಿಗೆ ಇಲಿಯ ವಿಷಯ ತಿಳಿದಿರಬೇಕಲ್ಲ?

"ಅಣ್ಣ, ಇಲಿ ಜಾಸ್ತಿ ವರ್ಸ ಬದುಕ್ಬೇಕು. ಏನಾರ ದಾರಿ ಐತಾ?"

ಅಂಗಡಿಯವನೂ ನಮ್ಮ ಕನ್ನಡದವನೇ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಇಷ್ಟು ವರ್ಸ ಯಾವಾರ ಮಾಡಿವ್ನಿ, ಇಂಗೆ ಕೇಳ್ದೋರು ನೀವೇ ಮೊದ್ಲು. ಒಂದು ಕೆಲ್ಸ ಮಾಡಿ ಅಣ್ಣ, ಈ ಅಂಗಡಿ ಕಡೆ ಅದನ್ನ ಕರ್ಕೊಂಡು ಬರಬ್ಯಾಡಿ."

ಹದಿನೈದು ದಿನದ ಮಂತ್ರಿ

ಕೊನೆಗೆ ಮರ್ಯಾದೆಯಿಂದ ಸೋಲು ಒಪ್ಪಿಕೊಳ್ಳೋಣ ಅಂದುಕೊಂಡೆ. ಮೊಮ್ಮಗಳನ್ನು ಮಗ್ಗದ ಪಕ್ಕ ಕೂರಿಸಿಕೊಂಡು ಶುರುಮಾಡಿದೆ. "ನಿಮ್ಮ ಮಿಸ್ ಮಾತೇ ಸರಿ ಕಣಮ್ಮ. ಇಲಿರಾಯಂಗೆ ವಯಸ್ಸಾಯ್ತು. ಒಂದಿನ ಆಸಿಗೆ ಇಡಿದ..."

ಅವಳು ಥಟ್ಟನೆ ನನ್ನ ಬಾಯಿ ಮುಚ್ಚಿದಳು. ಕಣ್ಣಲ್ಲಿ ನೀರು.

"ವೇಂಡಾಂ ತಾತ! ಬ್ಯಾಡ! ಅವ್ನು ಸಾಯಂಗಿಲ್ಲ!"

"ಮತ್ತೆ ಎರಡು ವರ್ಸ ಅಂದ್ಯಲ್ಲ?"

ಅವಳು ಕಣ್ಣೊರೆಸಿಕೊಂಡು ಯೋಚಿಸಿದಳು. ಅಮ್ಮನ ಫೋನ್ ತಂದು ಏನೇನೋ ಒತ್ತಿದಳು. ಆಮೇಲೆ ನ್ಯಾಯಾಧೀಶರ ಹಾಗೆ ತೀರ್ಪು ಕೊಟ್ಟಳು.

"ನೀ ಕಥೆ ಏಳ್ವಾಗ ಮಾತ್ರ ಅವಂಗೆ ವಯಸ್ಸಾಗೋದು. ದಿನಕ್ಕೆ ಅತ್ತೇ ನಿಮಿಷ. ಆರು ವರ್ಸಕ್ಕೆ ಅವಂಗೆ ಆಗಿರೋದು ಅದಿನೈದೇ ದಿನ ತಾತ. ಇನ್ನೂ ಪಾಪು!"

"ಅಂಗಾದ್ರೆ ಎರಡು ವರ್ಸ ಯಾವಾಗ ತುಂಬುತ್ತೆ?"

"ಒಟ್ಟು ಇನ್ನೂರ ಎಂಬತ್ತೆಂಟು ವರ್ಸ. ಅಲ್ಲಿವರ್ಗೂ ದಿನಾ ಕಥೆ ಏಳ್ಬೇಕು. ನೀ ಎಲ್ಲೂ ಓಗಂಗಿಲ್ಲ."

ಅಷ್ಟನ್ನೂ ಅವಳು ಕನ್ನಡದಲ್ಲೇ ಹೇಳಿದ್ದಳು. ನನ್ನ ಎದೆ ತುಂಬಿ ಬಂತು, ಮಾತೇ ಹೊರಡಲಿಲ್ಲ. ಆದರೆ ಅಡುಗೆಮನೆಯಿಂದ ನನ್ನ ಹೆಂಡತಿಯ ಮಾತು ಚೆನ್ನಾಗಿಯೇ ಹೊರಟಿತು.

"ಇನ್ನೂರ ಎಂಬತ್ತೆಂಟು ವರ್ಸ ಈವಯ್ಯಂಗೆ ಮುದ್ದೆ ತೊಳಸಾಕೆ ನನ್ ಕೈಲಾಗಾಕಿಲ್ಲ! ಆ ಇಲೀನ ಇವತ್ತೇ ಸಾಯ್ಸು ಕೂಸೆ!"