ಉಪಗ್ರಹದ ಕಂಪ್ಯೂಟರಿನಲ್ಲಿ ಪಾಲು ಮಾಡಿದ ಕಥೆ

ನಗಬಾರದ ಕೆಲಸಗಳಲ್ಲೇ ನಗು ಬರುವ ಸಂಗತಿಗಳು ಹೆಚ್ಚು ನಡೆಯುತ್ತವೆ. ನನ್ನದು ಅಂಥದೊಂದು ಕೆಲಸ. ಕುಶಾಲನಗರದಲ್ಲಿ, ಶುಂಠಿ ಮಂಡಿಯ ಮಹಡಿಯ ಮೇಲೆ, ನಾವು ಮೂವರು ಉಪಗ್ರಹಕ್ಕೆ ಸಾಫ್ಟ್‌ವೇರ್ ಮಾಡುತ್ತೇವೆ. ಅಂದರೆ ಮಂಡಿ ಕೆಳಗೆ, ನಾವು ಮೇಲೆ, ಉಪಗ್ರಹ ಇನ್ನೂ ಮೇಲೆ.

ಸ್ವಲ್ಪ ವಿವರಿಸಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗದೇನೋ ಎಂಬ ಭಯ. ನಮ್ಮ ಬಳಿ ಹಳೆಯ ಫ್ರೇಮ್‌ವರ್ಕ್ ಒಂದಿದೆ. ಉಪಗ್ರಹದ ಪ್ರೋಗ್ರಾಂಗಳಿಗೆಲ್ಲ ಆಧಾರವಾಗುವ ಸಿದ್ಧ ಚೌಕಟ್ಟು ಅದು. ಇಡೀ ಕಂಪ್ಯೂಟರ್ ತನ್ನದೇ ಎಂದು ಅದು ನಂಬಿಕೊಂಡಿತ್ತು. ಹೊಸ ಕಂಪ್ಯೂಟರಿನಲ್ಲಿ ಹಾಗಿಲ್ಲ. ಒಂದೊಂದು ಪ್ರೋಗ್ರಾಂಗೂ ಇಷ್ಟು ಹೊತ್ತು, ಇಷ್ಟು ಜಾಗ ಎಂದು ಪಾಲು ಮಾಡಿರುತ್ತಾರೆ. ಒಂದು ಕೆಟ್ಟರೆ ಇನ್ನೊಂದು ಕೆಡಬಾರದು. ಹಳೆಯದನ್ನು ಈ ಪಾಲಿಗೆ ಒಗ್ಗಿಸುವುದು ನಮ್ಮ ಕೆಲಸ. ಪರೀಕ್ಷೆಯಲ್ಲಿ ಪಾಸಾದರೆ ಮುಂದಿನ ಕೆಲಸವೂ ನಮಗೆ. ಇಲ್ಲದಿದ್ದರೆ ಕಚೇರಿಗೆ ಬೀಗ.

ಮಾವನವರ ಅನುಮಾನ

ನಮ್ಮ ಮಾವನವರಿಗೆ ಹಾರಂಗಿ ನಾಲೆಯ ಕೆಳಗೆ ಗದ್ದೆ ಇದೆ. "ಅದೇನಮ್ಮ ನಿನ್ನ ಕೆಲಸ?" ಎಂದು ಕೇಳಿದರು. ನಾಲೆ ನೀರಿನ ಸರದಿಯನ್ನೇ ಉದಾಹರಣೆ ಕೊಟ್ಟೆ. "ಒಬ್ಬರ ಸರದೀಲಿ ಇನ್ನೊಬ್ಬರು ತೂಬು ಮುಟ್ಟೋ ಹಾಗಿಲ್ಲ, ಮಾವ."

"ಅವನಿಗೆ ಅವತ್ತು ನೀರು ಬೇಡ ಅಂದ್ರೆ? ಪಕ್ಕದವನಿಗೆ ಬಿಡ್ತಾನಲ್ಲ?"

"ಬಿಡಲ್ಲ. ಸರದಿ ಮುಗಿಯೋವರೆಗೂ ಸುಮ್ಮನೆ ಕೂತಿರ್ತಾನೆ."

"ಯಾರಮ್ಮ ಇಂಥ ನಿಯಮ ಮಾಡಿದೋರು?"

"ಫಾರಿನ್‌ನವರು, ಮಾವ."

ಮಾವ ಒಪ್ಪಲಿಲ್ಲ. "ಸಾಧ್ಯವೇ ಇಲ್ಲ. ಇದು ನಮ್ಮ ಮೇಲ್ಗದ್ದೆಯವನದೇ ಕೆಲಸ."

ಸಭೆಯಲ್ಲಿ ಸರದಿ

ನಮ್ಮ ಮುಖ್ಯಸ್ಥರು ಈ ನಿಯಮವನ್ನು ಸಭೆಗೂ ತಂದರು. ಅವರವರ ಹೊತ್ತಿನಲ್ಲಿ ಅವರವರೇ ಮಾತಾಡಬೇಕು, ನಡುವೆ ಬಾಯಿ ಹಾಕಬಾರದು. ಒಂದು ದಿನ ಅವರು ಮಾತಾಡುತ್ತಿರುವಾಗ ಶನಿವಾರಸಂತೆಯ ನಮ್ಮ ಸಹೋದ್ಯೋಗಿ ಕೈ ಎತ್ತಿದಳು. "ನಿಮ್ಮ ಸರದಿ ಬರಲಿ," ಎಂದರು. ಮತ್ತೆ ಎತ್ತಿದಳು. ಕಣ್ಣು ಬಿಟ್ಟರು. ಕೊನೆಗೆ ಅವಳ ಸರದಿ ಬಂತು.

"ಸರ್, ನಿಮ್ಮ ಹಿಂದಿನ ಕಿಟಕಿಯಿಂದ ಕೋತಿ ಬಂದು ನಿಮ್ಮ ಊಟದ ಡಬ್ಬಿ ತಗೊಂಡು ಹೋಯ್ತು."

"ಆಗಲೇ ಹೇಳೋಕೇನಾಗಿತ್ತು?"

"ಹೊತ್ತೂ ನಿಮ್ಮದು, ಜಾಗವೂ ನಿಮ್ಮದು. ನಾನು ಎರಡನ್ನೂ ಮುಟ್ಟೋ ಹಾಗಿಲ್ವಲ್ಲ ಸರ್."

ಬೀಳದ ಪ್ರೋಗ್ರಾಂ

ಪರೀಕ್ಷೆಯ ದಿನ ಕೆಲಸ ಕೊಟ್ಟವರ ಕಡೆಯಿಂದ ಗಂಭೀರ ಮುಖದ ಅಧಿಕಾರಿಯೊಬ್ಬರು ಬಂದರು. ಕ್ಯಾಮೆರಾದ ಪ್ರೋಗ್ರಾಂ ಅವರೆದುರೇ ಕೆಟ್ಟು ಬೀಳಬೇಕು, ಉಪಗ್ರಹದ ದಿಕ್ಕು ಕಾಯುವ ಪ್ರೋಗ್ರಾಂ ಮಾತ್ರ ನಡೆಯುತ್ತಲೇ ಇರಬೇಕು. ಬೀಳಿಸುವುದು ಸುಲಭ. ದೊಡ್ಡ ಚಿತ್ರ ಕೊಟ್ಟರೆ ಅದು ಬೀಳುತ್ತದೆಂದು ನಮಗೆಲ್ಲ ಗೊತ್ತಿತ್ತು.

ಮುಖ್ಯಸ್ಥರು ದೊಡ್ಡ ಚಿತ್ರ ಕೊಟ್ಟರು. ಬೀಳಲಿಲ್ಲ. ಇನ್ನೂ ದೊಡ್ಡದು ಕೊಟ್ಟರು. ಆರಾಮಾಗಿ ನುಂಗಿತು. ಮಳೆಗಾಲದುದ್ದಕ್ಕೂ ಯಾರನ್ನೂ ಕೇಳದೆ ಬೀಳುತ್ತಿದ್ದ ಪ್ರೋಗ್ರಾಂ ಅದು!

"ಬೀಳಪ್ಪಾ, ಬೀಳು," ಎಂದು ಮುಖ್ಯಸ್ಥರು ಪಿಸುಗುಟ್ಟಿದರು.

"ಏನಾಗ್ತಿದೆ?" ಎಂದರು ಅಧಿಕಾರಿ.

"ಏನೂ ಆಗ್ತಿಲ್ಲ ಮೇಡಂ. ಅದೇ ತೊಂದರೆ."

ಸಹೋದ್ಯೋಗಿ ಮೆಲ್ಲಗೆ ಎದ್ದಳು. "ಸರ್, ದೊಡ್ಡ ಚಿತ್ರದ ದೋಷ ನಿನ್ನೆ ಸಂಜೆ ಸರಿಮಾಡಿಬಿಟ್ಟೆ. ಮೇಡಂ ಬರ್ತಾರಲ್ಲ, ಎಲ್ಲ ಚೊಕ್ಕಟವಾಗಿರಲಿ ಅಂತ..."

"ಅಷ್ಟು ದಿನದಿಂದ ಸರಿಮಾಡಿ ಅಂತ ಹೇಳ್ತಿದ್ದೆ, ನಿನ್ನೆಯೇ ಆಗ್ಬೇಕಿತ್ತಾ ಮಾರಾಯ್ರೆ!" ಎಂದರು ಮುಖ್ಯಸ್ಥರು.

ಕಚೇರಿಯ ಬೀಗ ನನ್ನ ಕಣ್ಣಿಗೆ ಕಟ್ಟಿತು. ಕಂಪ್ಯೂಟರಿನ ಮುಂದೆ ಕೂತು ಅವಳು ಸೇರಿಸಿದ್ದ ಸಾಲನ್ನು ಅಳಿಸಿದೆ. ಮುಖ್ಯಸ್ಥರು ಮತ್ತೆ ಚಿತ್ರ ಕೊಟ್ಟರು. ಕ್ಯಾಮೆರಾದ್ದು ದಬಕ್ಕನೆ ಬಿತ್ತು. ದಿಕ್ಕು ಕಾಯುವುದು ತನಗೇನೂ ಸಂಬಂಧವಿಲ್ಲವೆಂಬಂತೆ ನಡೆಯುತ್ತಿತ್ತು. ನಾವು ಮೂವರೂ ಚಪ್ಪಾಳೆ ತಟ್ಟಿದೆವು.

ಅಧಿಕಾರಿ ಮೊದಲ ಸಲ ನಕ್ಕರು. "ಮುಂದಿನ ಕೆಲಸ ನಿಮಗೇ. ಸರಿಮಾಡಿ ಅಂದ್ರೆ ಎಲ್ಲರೂ ತಿಂಗಳುಗಟ್ಟಲೆ ಟೈಮ್ ಕೇಳ್ತಾರೆ. ಕೇಳಿದ ಕೂಡಲೇ ಕೆಡಿಸಿಕೊಟ್ಟೋರು ನೀವೊಬ್ಬರೇ."