ಪೀತಾಂಬರದ ಗುಂಡಿಗೆ

ತನ್ನ ಗುಟ್ಟನ್ನು ಹಿಡಿಯುವ ಗಂಡು ಈ ಮನೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ವಿಭಾ ಎದೆ ತಟ್ಟಿಕೊಂಡು ಹೇಳುತ್ತಿದ್ದಳು. ಹೇಳುತ್ತಿದ್ದದ್ದು ಗಂಡ ನಂದನನೊಬ್ಬನಿಗೆ; ಅವನಿಗೂ ಗುಟ್ಟು ಗೊತ್ತಾದದ್ದು ಅವಳೇ ಹೇಳಿದ್ದರಿಂದ.

ಗುಟ್ಟು ಇಷ್ಟೇ. ಬನ್ನಂಜೆಯ ಆ ಮಡಿವಂತ ಮನೆಯ ಸೊಸೆ ಪ್ರೇಮ ಕಾದಂಬರಿ ಓದುತ್ತಿದ್ದಳು. ಸಾಧಾರಣ ಪ್ರೇಮವಲ್ಲ! ಎರಡು ಮನೆಯವರೂ ಒಪ್ಪಿ, ಜಾತಕ ಕೂಡಿ, ಹಾಲ್ ಬುಕ್ ಆಗುವ ಪ್ರೇಮ ಅವಳ ನಾಲಿಗೆಗೆ ಉಪ್ಪಿಲ್ಲದ ಗಂಜಿ. ಓದಿದವರು ಮೊದಲು "ಛೀ" ಎನ್ನಬೇಕು, ಆಮೇಲೆ ಬಾಗಿಲು ಹಾಕಿಕೊಂಡು ಮುಂದಿನ ಪುಟ ತಿರುಗಿಸಬೇಕು, ಅಂಥದ್ದು! ಮಣಿಪಾಲದ ಆಫೀಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುವ ಲವೀನಾ ಇಂಥವನ್ನು ಊಟದ ಚೀಲದಲ್ಲಿಟ್ಟು ತಂದುಕೊಡುತ್ತಿದ್ದಳು. ವಿಭಾ ಅದಕ್ಕೆ ಶಾಲೆಯ ಮಕ್ಕಳಂತೆ ಕಂದು ಕಾಗದದ ಬೈಂಡು ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ 'ನಿತ್ಯ ಸ್ತೋತ್ರ ಸಂಗ್ರಹ' ಎಂದು ಬರೆದು, ಹಜಾರದಲ್ಲೇ ಕಾಲು ಮಡಚಿ ಕೂತು ರಾಜಾರೋಷವಾಗಿ ಓದುತ್ತಿದ್ದಳು.

"ಇವತ್ತಿನ ಸ್ತೋತ್ರ ಯಾರ ಮೇಲೆ?" ಎಂದು ನಂದನ ಕಿವಿಯ ಹತ್ತಿರ ಕೇಳುತ್ತಿದ್ದ.

"ನಾಯಕಿಯ ಗೆಳತಿಯ ಅಪ್ಪನ ಮೇಲೆ! ಹೆಂಡತಿ ತೀರಿಕೊಂಡಿದ್ದಾಳೆ. ಇಂಜಿನಿಯರು. ಐವತ್ತೆರಡು ವರ್ಷ."

"ಐವತ್ತೆರಡಕ್ಕೆ ಅಷ್ಟು ಉಮೇದು ಉಂಟಾ? ನನಗೆ ಮೂವತ್ತೆಂಟಕ್ಕೇ ಸೊಂಟ ಹಿಡಿದಿದೆ ಮಾರಾಯ್ತಿ!"

"ಅದಕ್ಕೇ ನಾನು ಓದುವುದು!"

ಈ ವೇಷದಿಂದ ಒಂದು ಅನಾಹುತವೂ ಆಗಿತ್ತು. ನಿವೃತ್ತ ಸಂಸ್ಕೃತ ಅಧ್ಯಾಪಕರಾದ ಮಾವ ಮಧ್ವರಾಜರು ಸೊಸೆಯ ಭಕ್ತಿಗೆ ಮನಸೋತುಬಿಟ್ಟಿದ್ದರು. "ನನ್ನ ಮಗಳ ಕೈಯಲ್ಲಿ ಯಾವಾಗಲೂ ಸ್ತೋತ್ರ" ಎಂದು ರಥಬೀದಿಯಿಂದ ಅಲೆವೂರಿನವರೆಗೆ ಸಾರುತ್ತಿದ್ದರು. ಹೊಗಳಿಕೆಯನ್ನು ವಿಭಾ ಹೇಗೋ ನುಂಗಿಕೊಳ್ಳುತ್ತಿದ್ದಳು. 'ಮಗಳು' ಎನ್ನುವ ಮಾತು ಮಾತ್ರ ಗಂಟಲಲ್ಲಿ ನಿಲ್ಲುತ್ತಿತ್ತು. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡ ಅವಳನ್ನು ಹಾಗೆ ಕರೆಯುವವರು ಈಗ ಅವರೊಬ್ಬರೇ. ಆ ಒಂದು ಪದವನ್ನು ಕಳೆದುಕೊಳ್ಳಲು ಅವಳು ಯಾವ ಇಂಜಿನಿಯರಿಗೂ ತಯಾರಿರಲಿಲ್ಲ.

ಹೀಗಿರುವಾಗ ನವರಾತ್ರಿ ಬಂತು. ಕಾದಂಬರಿ ತುತ್ತತುದಿಗೆ ಬಂದಿತ್ತು. ನಾಯಕಿ ಲಿಫ್ಟಿನ ಬಾಗಿಲಲ್ಲಿ, ಇಂಜಿನಿಯರು ಎದುರಿಗೆ. ಅಷ್ಟರಲ್ಲಿ ಆಫೀಸಿನ ಬಸ್ಸು! ವಿಭಾ ಬಸ್ಸಿನ ಟಿಕೆಟನ್ನು ಗುರುತಿಗಿಟ್ಟು, ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಓಡಿದಳು. ಸಂಜೆ ಬಂದು ನೋಡಿದರೆ ಮೇಜು ಬೋಳು.

ದೇವರ ಕೋಣೆಗೆ ಇಣುಕಿದಳು. ಶಾರದಾ ಪೂಜೆಗೆ ಮನೆಯ ಪುಸ್ತಕಗಳೆಲ್ಲ ಮಣೆಯ ಮೇಲೆ ಕೂತಿದ್ದವು. ಎಲ್ಲಕ್ಕಿಂತ ಮೇಲೆ ಗಂಧ, ಕುಂಕುಮ, ಸೇವಂತಿಗೆ ಹೂ ಧರಿಸಿ ಗೆಳತಿಯ ಅಪ್ಪ ವಿರಾಜಮಾನನಾಗಿದ್ದ!

ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವಂತಿಲ್ಲ, ಅದು ಸಮಾಧಾನ. ಆದರೆ ವಿಜಯದಶಮಿಯ ಬೆಳಿಗ್ಗೆ, ಮಂಗಳಾರತಿಯಾದ ಮೇಲೆ, ಎಲ್ಲಕ್ಕಿಂತ ಮೇಲಿನ ಪುಸ್ತಕವನ್ನು ತೆರೆದು ಎಲ್ಲರ ಎದುರು ಗಟ್ಟಿಯಾಗಿ ಓದಬೇಕು. ಅದು ಆ ಮನೆಯ ಕ್ರಮ. ಓದುವವರು ಮಧ್ವರಾಜರು!

"ಒಂದು ಉಪಾಯ ಹೇಳಿ!" ಎಂದು ಗಂಡನನ್ನು ಹಿಡಿದು ಅಲುಗಾಡಿಸಿದಳು.

"ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಿ ವಾರವಾಯಿತಷ್ಟೆ. ಅಕ್ಷರ ಕಾಣುವುದಿಲ್ಲ. ಪುಸ್ತಕ ಹಿಡಿದುಕೊಂಡು ಬಾಯಿಪಾಠದ ಶ್ಲೋಕ ಹೇಳ್ತಾರೆ ನೋಡು."

"ಕಂಡರೆ?"

"ಕಂಡರೆ ಇನ್ನೊಂದು ಕಣ್ಣಿನ ಪೊರೆ ತೆಗೆಸುವ ಖರ್ಚು ಉಳಿಯಿತು! ಅದೂ ತನ್ನಷ್ಟಕ್ಕೆ ತೆರೆದುಕೊಳ್ಳುತ್ತದೆ."

ಗಂಡನನ್ನು ನಂಬುವುದು ಬಿಟ್ಟು ವಿಭಾ ಮರುದಿನ, ಹಬ್ಬದ ರಜೆಯ ಮಧ್ಯಾಹ್ನ, ಎಲ್ಲರೂ ಅಡ್ಡಾದ ಹೊತ್ತಿನಲ್ಲಿ, ನಿಜವಾದ ಸ್ತೋತ್ರದ ಪುಸ್ತಕವೊಂದನ್ನು ಸೆರಗಿನಲ್ಲಿ ಅಡಗಿಸಿಕೊಂಡು ದೇವರ ಕೋಣೆಗೆ ನುಗ್ಗಿದಳು. ಕೈ ಚಾಚಿದಳು. ಬೆರಳು ಇನ್ನೇನು ಹೂವಿಗೆ ತಾಗಬೇಕು...

"ಮಗಳೇ!"

ಮೂಲೆಯಲ್ಲಿ ಜಪಕ್ಕೆ ಕೂತಿದ್ದ ಮಾವ!

"ಎರಡು ದಿನ ಸ್ತೋತ್ರ ಇಲ್ಲದೆ ಇರಲಿಕ್ಕೆ ಆಗುವುದಿಲ್ಲ ಅಲ್ವಾ ನಿನಗೆ?" ಮಧ್ವರಾಜರ ಕಂಠ ಗದ್ಗದವಾಯಿತು. "ಆದರೂ ಈಗ ಮುಟ್ಟಬಾರದು ಮಗಳೇ. ತಡಕೊ."

ತಡಕೊಂಡಳು. ಊಟ ಸೇರಲಿಲ್ಲ. ಗಸಿಗೆ ಎರಡು ಸಲ ಉಪ್ಪು ಹಾಕಿದಳು. ಅತ್ತೆ ರಮಾಮಣಿ ಅದನ್ನೂ ಮಾತಿಲ್ಲದೆ ಉಂಡರು. ರಮಾಮಣಿ ಮಾತು ಕಡಿಮೆಯ ಹೆಂಗಸು. ಪೂಜೆಯ ಹಾಲನ್ನು ಮೂಸಿ ನೋಡದೆ, ಹೂವಿನ ಎಸಳು ಬಿಡಿಸಿ ಹುಳ ಹುಡುಕದೆ ದೇವರ ಕೋಣೆಗೆ ಏನನ್ನೂ ಒಯ್ಯದವರು. ಅವರ ಮೌನವೇ ವಿಭಾಳಿಗೆ ಹೆಚ್ಚು ಹೆದರಿಕೆ.

ವಿಜಯದಶಮಿ ಬಂದೇಬಂತು. ಪಕ್ಕದ ಮನೆಯ ವಾರಿಜಕ್ಕ, ಭಜನಾ ಮಂಡಳಿಯ ಅಧ್ಯಕ್ಷೆ, ಮೊದಲ ಸಾಲಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಮಂಗಳಾರತಿಯಾಯಿತು. ಮಧ್ವರಾಜರು ಮೇಲಿನ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು. ಬಾಯಿಪಾಠ, ಬಾಯಿಪಾಠ ಎಂದು ವಿಭಾ ಮನಸ್ಸಿನಲ್ಲೇ ಜಪ ಮಾಡಿದಳು.

"ಡಾಕ್ಟರು ನನಗೆ ಓದಬಾರದು ಅಂದಿದ್ದಾರೆ," ಎಂದರು ಮಧ್ವರಾಜರು. "ಈ ಸಲ ನನ್ನ ಮಗಳು ಓದುತ್ತಾಳೆ. ಅವಳಿಗಿಂತ ಯೋಗ್ಯರು ಈ ಮನೆಯಲ್ಲಿ ಯಾರು?"

ನಂದನನಿಗೆ ಕೆಮ್ಮು ಬಂತು.

ಪುಸ್ತಕ ವಿಭಾಳ ಕೈಗೆ ಬಂತು. ಟಿಕೆಟು ಇದ್ದಲ್ಲೇ ಅದು ತಾನಾಗಿ ತೆರೆದುಕೊಂಡಿತು. ಲಿಫ್ಟು! ಬೇರೆ ಪುಟ ತಿರುಗಿಸೋಣವೆಂದರೆ ವಾರಿಜಕ್ಕ, "ತೆರೆದ ಪುಟವೇ ಓದಬೇಕು, ಅದೇ ದೇವಿಯ ಅಪ್ಪಣೆ," ಎಂದರು. ಎಲ್ಲರೂ ಕೈ ಮುಗಿದರು.

ಪುಟದಲ್ಲಿ ಇದ್ದದ್ದು: 'ಲಿಫ್ಟಿನ ಬಾಗಿಲು ತೆರೆಯಿತು.'

"ವೈ... ವೈಕುಂಠದ ಬಾಗಿಲು ತೆರೆಯಿತು," ಎಂದಳು ವಿಭಾ.

ಮಧ್ವರಾಜರು ತಲೆದೂಗಿದರು.

'ಲೋಕ ಏನು ಬೇಕಾದರೂ ಅನ್ನಲಿ. ನಿನ್ನ ಹೊರತು ನನಗೆ ಯಾರೂ ಬೇಡ. ಎಷ್ಟು ದಿನ ಹೀಗೆ ಹೊರಗೆ ನಿಲ್ಲಿಸುತ್ತಿ?' ಇದರಲ್ಲಿ ಬದಲಿಸಲು ಒಂದಕ್ಷರವೂ ಇರಲಿಲ್ಲ! ಇದ್ದ ಹಾಗೆಯೇ ಓದಿದಳು. ಓದುತ್ತಾ ಅವಳ ದನಿಯೇ ಮೆತ್ತಗಾಯಿತು. ಲೋಕ ಒಪ್ಪದ ಪ್ರೀತಿಯೂ ದೇವರ ಬಾಗಿಲೂ ಇಷ್ಟು ಹತ್ತಿರದ ಮನೆಗಳೆಂದು ಅವಳಿಗೇ ಗೊತ್ತಿರಲಿಲ್ಲ. ವಾರಿಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

'ಅವನ ಉಸಿರಿನಲ್ಲಿ ವಿಸ್ಕಿಯ ಘಮವಿತ್ತು.'

"ಅವನ ಉಸಿರಿನಲ್ಲಿ ತೀರ್ಥದ ಘಮವಿತ್ತು."

ನಂದನ ಎದ್ದು ಬಾವಿಕಟ್ಟೆಗೆ ಓಡಿದ.

ಧೈರ್ಯ ಬಂತು ನೋಡಿ, ಧೈರ್ಯವೇ ಕೆಡಿಸಿತು! ಮುಂದಿನ ಸಾಲು 'ಅವನ ಷರ್ಟಿನ ಗುಂಡಿಗೆ ನನ್ನ ಬೆರಳು ತಾಗಿತು.' ವಿಭಾ ಓದುವ ಭರದಲ್ಲಿ ಷರ್ಟನ್ನು ಮಾತ್ರ ಬದಲಿಸಿದಳು.

"ಅವನ ಪೀತಾಂಬರದ ಗುಂಡಿಗೆ ನನ್ನ ಬೆರಳು ತಾಗಿತು."

ವಾರಿಜಕ್ಕನ ಕಣ್ಣೊರೆಸುವ ಕೈ ಅರ್ಧದಲ್ಲಿ ನಿಂತಿತು. "ಪೀತಾಂಬರಕ್ಕೆ ಗುಂಡಿ ಎಂತದ್ದು? ಅದು ಉಡುವುದಲ್ವಾ?"

ದೀಪದ ಬತ್ತಿ ಚಟಚಟ ಎಂದಿತು. ಮಧ್ವರಾಜರು ಕಪ್ಪು ಕನ್ನಡಕದ ಹಿಂದಿನಿಂದ ಸೊಸೆಯ ಕಡೆಗೇ ಮುಖ ಮಾಡಿದ್ದರು. ಮುಗಿಯಿತು, ಇನ್ನು ತಾನು ಬರೀ ಸೊಸೆ ಎಂದುಕೊಂಡಳು ವಿಭಾ.

"ಗುಂಡಿ ಅಲ್ಲ ವಾರಿಜಾ!" ಮಧ್ವರಾಜರು ಗುಡುಗಿದರು. "ಗುಂಡಿಗೆ! ಗುಂಡಿಗೆ ಅಂದರೆ ಹೃದಯ! ಪೀತಾಂಬರ ಉಟ್ಟವನ ಹೃದಯಕ್ಕೆ ಭಕ್ತೆಯ ಬೆರಳು ತಾಗಿತು. ಆಹಾ! ಯಾವ ಕವಿ ಮಗಳೇ ಇದು?"

"ಹೆಸರು... ಹಾಕಿಲ್ಲ ಮಾವ."

"ದೊಡ್ಡವರು ಹಾಕುವುದಿಲ್ಲ!"

ವಾರಿಜಕ್ಕ ಅಲ್ಲೇ ತೀರ್ಮಾನ ಕೊಟ್ಟರು. "ಶುಕ್ರವಾರ ನಮ್ಮ ಮಂಡಳಿಯಲ್ಲಿ ಇದರದ್ದೇ ಪ್ರವಚನ. ಕಾಪುವಿನ ಮಂಡಳಿಯವರನ್ನೂ ಕರೀತೇನೆ. ಮುಂದಿನ ಭಾಗ ಓದು, ಆಯ್ತಾ?"

ವಿಭಾ ಪಂಚಕಜ್ಜಾಯದ ಪಾತ್ರೆ ಹಿಡಿದು ಅಡುಗೆಮನೆಗೆ ಬಂದು ಗೋಡೆಗೆ ಒರಗಿದಳು. ಬಚಾವು! ಹಿಡಿಯುವ ಗಂಡು ನಿಜಕ್ಕೂ ಹುಟ್ಟಿಲ್ಲ! ಅಷ್ಟರಲ್ಲಿ ರಮಾಮಣಿ ಪುಸ್ತಕ ಹಿಡಿದು ಒಳಗೆ ಬಂದು ಬಾಗಿಲು ಮುಂದೆ ಮಾಡಿದರು.

"ಇದನ್ನು ಮೇಜಿನ ಮೇಲೆ ಬಿಟ್ಟು ಹೋಗುವುದಾ? ಆ ದಿನ ವಾರಿಜ ಬಂದವಳು ಕೈ ಹಾಕುವುದರಲ್ಲಿದ್ದಳು. ಪೂಜೆಗೆ ಅಂತ ಹೇಳಿ ನಾನು ಎತ್ತಿಕೊಂಡೆ. ಪೂಜೆಗೆ ಇಟ್ಟದ್ದನ್ನು ಯಾರೂ ಮುಟ್ಟುವುದಿಲ್ಲವಲ್ಲ. ಎಲ್ಲಕ್ಕಿಂತ ಅಡಿಯಲ್ಲಿ ಇಟ್ಟಿದ್ದೆ. ಮೇಲೆ ತಂದದ್ದು ನಿನ್ನ ಮಾವನ ಭಕ್ತಿ."

"ಅತ್ತೆ... ನೀವು ಒಳಗೆ ನೋಡಿದ್ರಾ?"

"ಹಾಲನ್ನೇ ಮೂಸಿ ನೋಡದೆ ದೇವರ ಕೋಣೆಗೆ ಕೊಂಡುಹೋಗದವಳು ನಾನು. ಪುಸ್ತಕವನ್ನು ಹಾಗೇ ಇಡ್ತೇನಾ?"

ಗಂಡು ಹುಟ್ಟಿರಲಿಲ್ಲ, ಸರಿ. ಎದುರಿಗೆ ನಿಂತಿದ್ದದ್ದು ಆ ಮನೆಯ ಗಂಡನ್ನು ಹೆತ್ತವರು!

ವಿಭಾ ತಲೆ ತಗ್ಗಿಸಿದಳು. ರಮಾಮಣಿ ಪುಸ್ತಕದ ಮೇಲಿನ ಕುಂಕುಮವನ್ನು ಸೆರಗಿನಿಂದ ಒರೆಸಿ ಅವಳ ಕೈಗಿಟ್ಟರು. ಬಾಗಿಲವರೆಗೆ ಹೋಗಿ, ಹೊರಗೆ ಯಾರೂ ಇಲ್ಲವೆಂದು ನೋಡಿಕೊಂಡು, ತಿರುಗಿದರು.

"ಲಿಫ್ಟನ್ನು ವೈಕುಂಠ ಮಾಡಿದೆ, ವಿಸ್ಕಿಯನ್ನು ತೀರ್ಥ ಮಾಡಿದೆ, ಎಲ್ಲ ಚಂದವಾಯಿತು. ಶುಕ್ರವಾರಕ್ಕೆ ಮಾತ್ರ ಮುಂದಿನ ಅಧ್ಯಾಯ ಬೇಡ. ಆ ಬಾಲ್ಕನಿಯನ್ನು ನೀನು ಎಂತ ಮಾಡಿದರೂ ಭಕ್ತಿ ಆಗುವುದಿಲ್ಲ ಮಾರಾಯ್ತಿ!"